ತಾಳ ತಪ್ಪಿಸಿ ನಡೆದವರು



ಈ ದತ್ತಿ ಉಪನ್ಯಾಸದಲ್ಲಿ ನನಗಿಂತ ಮುಂಚೆ ಮಾತಾಡಿದವರೆಲ್ಲ ಗಾಯನ, ವೀಣೆ, ರಂಗಗೀತೆ ಎಂದು ಮರ್ಯಾದಸ್ಥ ವಿಷಯಗಳನ್ನೇ ಆರಿಸಿಕೊಂಡಿದ್ದಾರೆ. ನಾನು ಗದ್ದಲದ ಬಗ್ಗೆ ಮಾತಾಡುತ್ತೇನೆ ಎಂದು ಬರೆದು ಕಳಿಸಿದಾಗ ಸಂಚಾಲಕರು ಫೋನ್ ಮಾಡಿ, "ಸಾರ್, ಶಬ್ದಮಾಲಿನ್ಯದ ಬಗ್ಗೆಯೇ?" ಎಂದು ಕೇಳಿದರು. ಅಲ್ಲ ಸ್ವಾಮಿ, ಗದ್ದಲವನ್ನೇ ಸಂಗೀತ ಅಂತ ನುಡಿಸುವವರ ಬಗ್ಗೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಸ್ಪೀಕರ್ ಇನ್ನೆರಡು ಹಾಕಿಸೋಣ" ಎಂದರು. ಇಂಥ ಔದಾರ್ಯ ಎಲ್ಲ ಕಡೆ ಸಿಕ್ಕುವುದಿಲ್ಲ.

ಇವತ್ತಿನ ಕಥೆ ನಡೆಯುವುದು ಪ್ಯಾರಿಸ್ಸಿನಲ್ಲಿ, 1970ರ ದಶಕದಲ್ಲಿ. ಆದರೆ ಅದು ಶುರುವಾಗುವುದು ಒಂದು ಅಮೆರಿಕನ್ ಕಾದಂಬರಿಯಿಂದ. ಫ್ರಾಂಕ್ ಹರ್ಬರ್ಟ್ ಬರೆದ 'ಡ್ಯೂನ್' ಮೊದಲು ಬಂದದ್ದು 'ಅನಲಾಗ್' ಎಂಬ ಪತ್ರಿಕೆಯಲ್ಲಿ, 1963ರಿಂದ 1965ರವರೆಗೆ ಧಾರಾವಾಹಿಯಾಗಿ. ಪುಸ್ತಕ ಮಾಡಲು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಒಲ್ಲೆ ಎಂದರು. ಕೊನೆಗೆ ಒಪ್ಪಿಕೊಂಡದ್ದು ಚಿಲ್ಟನ್ ಎಂಬ ಸಂಸ್ಥೆ. ಅದು ಹೆಸರು ಮಾಡಿದ್ದು ಕಾರು ರಿಪೇರಿಯ ಕೈಪಿಡಿಗಳಿಗೆ. ಕಾರ್ಬ್ಯುರೇಟರ್ ಬಿಚ್ಚುವುದು ಹೇಗೆ ಎಂಬ ಪುಸ್ತಕದ ಪಕ್ಕದಲ್ಲಿ, ಮರಳುಗಾಡಿನ ಗ್ರಹದ ಈ ಮಹಾಕಥೆಯೂ ಮಾರಾಟಕ್ಕೆ ಬಂತು. 1985ರ ಹೊತ್ತಿಗೆ ಹರ್ಬರ್ಟ್ ಇದೇ ಸರಣಿಯಲ್ಲಿ ಆರು ಕಾದಂಬರಿ ಬರೆದರು, ಮರುವರ್ಷ ತೀರಿಕೊಂಡರು.

ಕಥೆಯನ್ನು ನಾನು ಹೇಳಲು ಹೋಗುವುದಿಲ್ಲ. ಅರಮನೆ, ಕುತಂತ್ರ, ಸೇಡು, ಅವತಾರಪುರುಷ ಎಲ್ಲ ಇದೆ. ನಮ್ಮ ಯಕ್ಷಗಾನದ ಭಾಗವತರಿಗೆ ಕೊಟ್ಟರೆ ಒಂದು ರಾತ್ರಿಯಲ್ಲಿ ಮುಗಿಸಿಕೊಡುತ್ತಾರೆ. ಪರಿಸರದ ಕಾದಂಬರಿ, ರಾಜಕೀಯದ ಕಾದಂಬರಿ, ಮತಧರ್ಮದ ಕಾದಂಬರಿ ಎಂದು ಡ್ಯೂನ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದು ಕಿವಿಯ ಕಾದಂಬರಿಯೂ ಹೌದು ಎಂಬುದು ನನಗೆ ಗೊತ್ತಾದದ್ದು ತಡವಾಗಿ, ಅದೂ ಸಂಗೀತಗಾರರಿಂದ.

ನೋಡಿ, ಅರಾಕಿಸ್ ಎಂಬ ಆ ಗ್ರಹದಲ್ಲಿ ನೀರಿಲ್ಲ, ಬರೀ ಮರಳು. ಮರಳಿನೊಳಗೆ ಹುಳುಗಳು. ಹುಳು ಎಂದ ಕೂಡಲೇ ಎರೆಹುಳ ನೆನೆಯಬೇಡಿ. ನಾನೂರು ಮೀಟರ್ ಮೀರಿದ ಹುಳುಗಳೂ ಅಲ್ಲಿವೆ, ನಮ್ಮ ಎಕ್ಸ್‌ಪ್ರೆಸ್ ರೈಲಿನಷ್ಟು ಉದ್ದ. ಹುಳು ಮರಳಿನ ಅದುರಿಗೆ ಬರುತ್ತದೆ, ಅದರಲ್ಲೂ ಒಂದೇ ಸಮನೆ ಬೀಳುವ ಪೆಟ್ಟಿಗೆ. ಅಲ್ಲಿಯ ಮರಳುಗಾಡಿನ ಜನ, ಫ್ರೆಮೆನ್ನರು, ಹುಳುವನ್ನು ಕರೆಯಬೇಕಾದಾಗ ಥಂಪರ್ ಎಂಬ ಗೂಟವನ್ನು ಮರಳಿಗೆ ನೆಡುತ್ತಾರೆ. ಅದರ ತಲೆಯಲ್ಲಿ ಸ್ಪ್ರಿಂಗಿನಿಂದ ಬಡಿಯುವ ಒಂದು ಬಡಿಗೆ: ಧಪ್, ಧಪ್, ಧಪ್. ಹುಳು ಬೇಡವಾದಾಗ ಅವರು ನಡೆಯುವ ರೀತಿಯೇ ಬೇರೆ: ಒಂದು ಹೆಜ್ಜೆ, ತಡೆದು ಇನ್ನೊಂದು, ಕಾಲು ಎಳೆದು ಮತ್ತೊಂದು, ಗಾಳಿಗೆ ಮರಳು ತಾನಾಗಿ ಜಾರಿದಂತೆ. ಕಥಾನಾಯಕ ಪಾಲ್ ತನ್ನ ತಾಯಿ ಜೆಸಿಕಾಳೊಂದಿಗೆ ತಪ್ಪಿಸಿಕೊಂಡು ಹೋಗುವಾಗ ಹಿಂದೊಂದು ಥಂಪರ್ ನೆಟ್ಟು, ಹೀಗೆ ತಾಳ ತಪ್ಪಿಸಿ ನಡೆಯುತ್ತಾನೆ. ನಡುವೆ ಮರಳೇ ನಗಾರಿಯಂತೆ ಮೊಳಗುವ ಜಾಗದಲ್ಲಿ ಕಾಲಿಟ್ಟು ಸಿಕ್ಕಿಬೀಳುವ ಹಾಗಾಗುತ್ತದೆ. ಹಾಗೆ ಮೊಳಗುವ ಮರಳು ಕಲ್ಪನೆಯಲ್ಲ, ಭೂಮಿಯ ಮೇಲೂ ಇದೆ.

ಇನ್ನೊಂದು, ಧ್ವನಿ. ಬೆನೆ ಜೆಸರಿಟ್ ಎಂಬ ಹೆಂಗಸರ ಸಂಘದವರು ದನಿಯ ಏರಿಳಿತದಿಂದಲೇ ಎದುರಿನವನ ಕೈಕಾಲು ತಮ್ಮ ಮಾತು ಕೇಳುವಂತೆ ಮಾಡಬಲ್ಲರು. ಪಾಲ್ ಮತ್ತು ಜೆಸಿಕಾರನ್ನು ಕಟ್ಟಿ ಮರಳುಗಾಡಿಗೆ ಒಯ್ಯುವಾಗ ಶತ್ರುಗಳು ಕಾವಲಿಗೆ ಹಾಕಿದವರಲ್ಲಿ ಒಬ್ಬ ಕಿವುಡ. ಬೇಕೆಂದೇ ಹಾಕಿದ್ದು. ಸಂಗೀತದ ಶಕ್ತಿಯನ್ನು ಹೊಗಳಿ ಬರೆದ ಎಷ್ಟೋ ಗ್ರಂಥಗಳಿಗಿಂತ ಆ ಕಿವುಡ ಕಾವಲುಗಾರ ನನಗೆ ಹೆಚ್ಚು ಹೇಳಿದ್ದಾನೆ.

ಡ್ಯೂನ್ ಫ್ರೆಂಚಿಗೆ ಬಂದದ್ದು 1970ರಲ್ಲಿ. ಅಲ್ಲಿಂದ ಹತ್ತು ವರ್ಷ ಪ್ಯಾರಿಸ್ಸಿನ ಯುವಕರಿಗೆ ಅದೊಂದು ಜ್ವರ. ನಿರ್ದೇಶಕ ಅಲೆಹಾಂದ್ರೊ ಹೊಡೊರೊವ್ಸ್ಕಿ ಅದನ್ನು ಸಿನಿಮಾ ಮಾಡುತ್ತೇನೆಂದು ಪ್ಯಾರಿಸ್ಸಿನಲ್ಲಿ ಕೂತು ಚಿತ್ರಕಾರ ಮೋಬಿಯುಸ್‌ನನ್ನು ಕರೆದರು, ಗೀಗರ್‌ನನ್ನು ಕರೆದರು, ಸಂಗೀತಕ್ಕೆ ಪಿಂಕ್ ಫ್ಲಾಯ್ಡ್ ಮತ್ತು ಮಾಗ್ಮಾ ತಂಡಗಳು ಎಂದರು. ಸಿನಿಮಾ ಆಗಲಿಲ್ಲ. ಆಗದ ಸಿನಿಮಾಗಳಿಗೆ ಸಿಗುವ ಕೀರ್ತಿ ಆದವುಗಳಿಗೆ ಸಿಗುವುದಿಲ್ಲ, ಆ ಮಾತು ಬೇರೆ.

ನಮ್ಮ ಕಥೆಯ ಮನುಷ್ಯ ರಿಶಾರ್ ಪಿನಾಸ್. ಹುಟ್ಟಿದ್ದು 1951ರಲ್ಲಿ. ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಗಿಟಾರ್ ವಾದಕರು, ವೈಜ್ಞಾನಿಕ ಕಾದಂಬರಿಗಳ ಹುಚ್ಚು ಓದುಗರು. 1968ರ ವಿದ್ಯಾರ್ಥಿ ಚಳವಳಿಯ ಬೆನ್ನಿಗೆ ವ್ಯಾನ್ಸೆನ್ನಿನಲ್ಲಿ ಒಂದು ಹೊಸ ವಿಶ್ವವಿದ್ಯಾಲಯ ತೆರೆದಿತ್ತು. ಅಲ್ಲಿ ದಾರ್ಶನಿಕ ಜಿಲ್ ಡೆಲ್ಯೂಜ್ ಮಂಗಳವಾರ ಮಂಗಳವಾರ ಪಾಠ ಮಾಡುತ್ತಿದ್ದರು. ಸಿಗರೇಟಿನ ಹೊಗೆ, ಕೂರಲು ಜಾಗವಿಲ್ಲದ ಕೋಣೆ. ಆ ಗುಂಪಿನಲ್ಲಿ ಪಿನಾಸ್ ಇದ್ದರು. ಗುರುಶಿಷ್ಯರ ಸಂಬಂಧ ಪಾಠಕ್ಕೆ ಮುಗಿಯಲಿಲ್ಲ. ಶಿಷ್ಯನ ಧ್ವನಿಮುದ್ರಿಕೆಗಾಗಿ ಗುರು ನೀತ್ಶೆಯ ಒಂದು ಭಾಗವನ್ನು ಮೈಕಿನ ಮುಂದೆ ಕೂತು ಓದಿದರು; ಅದು ಪಿನಾಸ್ ಅವರ ಹೆಲ್ಡನ್ ಎಂಬ ತಂಡದ 1974ರ ಮೊದಲ ಆಲ್ಬಂನಲ್ಲಿದೆ. ಇಪ್ಪತ್ತನೇ ಶತಮಾನದ ದೊಡ್ಡ ದಾರ್ಶನಿಕನೊಬ್ಬ ರಾಕ್ ತಂಡದ ಹಾಡಿಗೆ ದನಿ ಕೊಟ್ಟ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಮುಂದೆ ಡೆಲ್ಯೂಜರ ಪಾಠಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಕ್ಕುವಂತೆ ಮಾಡಿದ್ದೂ ಇದೇ ಶಿಷ್ಯ.

ಹೆಲ್ಡನ್ ಎಂಬ ಹೆಸರೂ ವೈಜ್ಞಾನಿಕ ಕಾದಂಬರಿಯದ್ದೇ. ನಾರ್ಮನ್ ಸ್ಪಿನ್ರಾಡ್ 1972ರಲ್ಲಿ ಬರೆದ 'ದಿ ಐರನ್ ಡ್ರೀಮ್' ಎಂಬ ವಿಡಂಬನೆಯಲ್ಲಿ ಹಿಟ್ಲರ್ 1919ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಅಗ್ಗದ ಪತ್ರಿಕೆಗಳಿಗೆ ಚಿತ್ರ ಬಿಡಿಸಿ, ಕಥೆ ಬರೆದು ಬದುಕುತ್ತಾನೆ. ಅವನು ಬರೆದ ಕಾದಂಬರಿಯೇ ಪುಸ್ತಕದ ಬಹುಪಾಲು. ಆ ಒಳಗಿನ ಕಾದಂಬರಿಯ 'ಶುದ್ಧ' ದೇಶದ ಹೆಸರು ಹೆಲ್ಡನ್. ಶೌರ್ಯದ ಕಥೆಗಳಲ್ಲಿ ನಾವು ಚಪ್ಪಾಳೆ ತಟ್ಟುವ ಜಾಗಗಳು ಯಾವುವು ಎಂದು ನಾಚಿಸುವ ಪುಸ್ತಕ ಅದು. ಅದರ ಹೆಸರಿಟ್ಟುಕೊಂಡ ತಂಡ ಸುಲಭವಾಗಿ ಚಪ್ಪಾಳೆ ಗಿಟ್ಟಿಸುವ ಸಂಗೀತ ಮಾಡಲಿಕ್ಕಿಲ್ಲ ಎಂದು ನೀವು ಊಹಿಸಿರಬೇಕು. ಸರಿಯಾಗಿಯೇ ಊಹಿಸಿದ್ದೀರಿ.

ಪಿನಾಸ್ ತಮ್ಮ ಹೆಸರಿನಲ್ಲಿ 1978ರಲ್ಲಿ ಹೊರತಂದ ಆಲ್ಬಂ 'ಕ್ರೊನೊಲೀಜ್'. ಮುದ್ರಿಸಿದ್ದು ಎರಡು ವರ್ಷ ಮುಂಚೆ. ತಲೆಬರಹ ಮಿಶೆಲ್ ಜೂರಿ ಎಂಬ ಫ್ರೆಂಚ್ ಲೇಖಕರ ಕಾದಂಬರಿಯದು. ಅಲ್ಲಿ ಔಷಧಿಯ ಅಮಲಿನಲ್ಲಿ ಕಾಲ ಕರಗಿ ಹೋಗುವುದಕ್ಕೆ ಈ ಮಾತು. ಒಳಗಿನದೆಲ್ಲ ಡ್ಯೂನ್. ಮೊದಲು ಬೆನೆ ಜೆಸರಿಟ್ ವಿಷಯದ ಮೇಲೆ ಏಳು ಚಿಕ್ಕ ಚಿಕ್ಕ ರೂಪಾಂತರಗಳು, ಆಮೇಲೆ ಪಾಲ್‌ನ ಖಡ್ಗಗುರು ಡಂಕನ್ ಐಡಹೋನ ಹೆಸರಿನ ಒಂದು ತುಣುಕು. ತಟ್ಟೆ ತಿರುಗಿಸಿ ಹಾಕಿದರೆ ಆ ಇಡೀ ಬದಿ 'ಪಾಲ್ ಅಟ್ರೈಡೀಸ್', ಹೆಚ್ಚುಕಡಿಮೆ ಅರ್ಧ ಗಂಟೆ.

(ಇಲ್ಲಿ ಎರಡನೆಯ ರೂಪಾಂತರದ ಒಂದು ಭಾಗವನ್ನು ಕೇಳಿಸಲಾಯಿತು.)

ಇದನ್ನು ನಾನು ಮೊದಲು ಕೇಳಿದ್ದು ಯಾರೋ ಯಾರಿಂದಲೋ ಇಳಿಸಿಕೊಂಡ ಕ್ಯಾಸೆಟ್ಟಿನಲ್ಲಿ. ನಾಲ್ಕನೆಯದೋ ಐದನೆಯದೋ ಪ್ರತಿ. ಕ್ಯಾಸೆಟ್ಟಿನ ಸುಯ್‌ಗುಡುವಿಕೆ ಎಲ್ಲಿ ಮುಗಿದು ಪಿನಾಸ್ ಎಲ್ಲಿ ಶುರು ಎಂದು ತಿಳಿಯದೆ ಮೂರು ದಿನ ಗೌರವದಿಂದ ಎರಡನ್ನೂ ಕೇಳಿದೆ. ಆಮೇಲೆ ಒಳ್ಳೆಯ ಪ್ರತಿ ಸಿಕ್ಕಾಗ, ನಿಜ ಹೇಳಬೇಕೆಂದರೆ, ಏನೋ ಕಮ್ಮಿಯಾದಂತೆ ಅನಿಸಿತು.

ಈಗ ನೀವು ಕೇಳಿದ್ದರಲ್ಲಿ ಸ್ವರಗಳು ಮಣಿ ಪೋಣಿಸಿದಂತೆ ಒಂದರ ಹಿಂದೊಂದು ಬಂದವಲ್ಲ, ಅವನ್ನು ಬೆರಳು ನುಡಿಸಿದ್ದಲ್ಲ. ಸೀಕ್ವೆನ್ಸರ್ ಎಂಬ ಯಂತ್ರ ನುಡಿಸಿದ್ದು. ಆ ಕಾಲದ ಮೂಗ್ ಸಿಂಥಸೈಜರ್ ಎಂದರೆ ಗೋಡೆಗೆ ಒರಗಿಸಿದ ಬೀರುವಿನಂಥದ್ದು, ಮೈತುಂಬ ತಿರುಗಣೆಗಳು, ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಂತೆ ಜೋತಾಡುವ ವೈರುಗಳು. ಅದರ ಸೀಕ್ವೆನ್ಸರಿನಲ್ಲಿ ಎಂಟು ತಿರುಗಣೆಗಳ ಮೂರು ಸಾಲು. ಒಂದೊಂದು ತಿರುಗಣೆಯೂ ಒಂದಿಷ್ಟು ವೋಲ್ಟೇಜ್ ಕೊಡುತ್ತದೆ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಷಡ್ಜದಿಂದ ಮೇಲಿನ ಷಡ್ಜಕ್ಕೆ ನಿಖರ ಒಂದು ವೋಲ್ಟ್. ಒಳಗಿನ ಗಡಿಯಾರ ಒಂದು ಮಿಡಿತ ಕೊಟ್ಟಂತೆಲ್ಲ ಮೊದಲ ತಿರುಗಣೆಯ ದೀಪ ಆರಿ ಎರಡನೆಯದು ಹೊತ್ತುತ್ತದೆ, ಮೂರನೆಯದು, ನಾಲ್ಕನೆಯದು... ಎಂಟಾದ ಮೇಲೆ ಮತ್ತೆ ಒಂದು. ನಮ್ಮ ಆದಿತಾಳಕ್ಕೂ ಎಂಟೇ ಅಕ್ಷರ. ಆದರೆ ಈ ಯಂತ್ರಕ್ಕೆ ಸಮ ಎಲ್ಲಿ, ಎಡುಪು ಎಲ್ಲಿ ಎಂದು ಗೊತ್ತಿಲ್ಲ. ಅದಕ್ಕೆ ದಣಿವಿಲ್ಲ, ಸಂತೋಷವೂ ಇಲ್ಲ. ನುಡಿಸುವವನ ಕೆಲಸ ಅದು ಓಡುತ್ತಿರುವಾಗಲೇ ಒಂದು ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸುವುದು, ನಾದದ ಮೈಯನ್ನು ಸೋಸಣಿಗೆಯಲ್ಲಿ ಸೋಸಿ ತೆಳು ಮಾಡುವುದು, ದಪ್ಪ ಮಾಡುವುದು. ಯಂತ್ರ ಕಾದಂತೆಲ್ಲ ಶ್ರುತಿಯೂ ಜಾರುತ್ತದೆ, ಪಕ್ಕವಾದ್ಯದವರು ಕಾಫಿಗೆ ಎದ್ದು ಹೋದಾಗ ತಂಬೂರಿ ಜಾರಿದ ಹಾಗೆ.

ಇಲ್ಲೊಂದು ತಮಾಷೆ ಇದೆ. ಡ್ಯೂನಿನ ಮೇಲೆ ಸಂಗೀತ ಮಾಡಲು ಹೊರಟ ಮನುಷ್ಯ ಕೈಗೆತ್ತಿಕೊಂಡದ್ದು ಏನನ್ನು? ಥಂಪರನ್ನು. ಸೀಕ್ವೆನ್ಸರ್ ಎಂದರೆ ವಿದ್ಯುತ್ತಿನಿಂದ ಓಡುವ ಥಂಪರ್, ಬೇರೇನಲ್ಲ. ಒಂದೇ ಸಮನೆ ಬಡಿಯುತ್ತ ಮರಳಿನಡಿಯ ಯಾವುದನ್ನೋ ಕರೆಯುತ್ತದೆ. ಇದನ್ನು ಪಿನಾಸ್ ಎಲ್ಲೂ ಹೇಳಿಲ್ಲ, ನಾನು ಹೇಳುತ್ತಿದ್ದೇನೆ. ತಪ್ಪಿದ್ದರೆ ಹೊಣೆ ನನ್ನದು. ಏಳೂ ರೂಪಾಂತರಗಳನ್ನು ನಾನು ಹಾಗೆಯೇ ಕೇಳುತ್ತೇನೆ: ಗೂಟ ನೆಟ್ಟು ಕಾಯುವ ಸಂಗೀತ. 'ಪಾಲ್ ಅಟ್ರೈಡೀಸ್'ನಲ್ಲಿ ಗಿಟಾರು ಬಂದಾಗ ಮಾತ್ರ ಕಾದದ್ದು ಬಂದ ಹಾಗಿರುತ್ತದೆ. ಆ ಗಿಟಾರು ಹಾಡುವುದಿಲ್ಲ. ಒಂದೇ ಸ್ವರವನ್ನು ಹಿಡಿದು, ಅದು ತನ್ನ ಭಾರಕ್ಕೆ ತಾನೇ ಸೀಳುವವರೆಗೆ ಎಳೆಯುತ್ತದೆ. ಇಂಗ್ಲೆಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರಿಂದ ಕಲಿತದ್ದು ಇದು, ಪಿನಾಸ್ ಮುಚ್ಚಿಟ್ಟವರಲ್ಲ. ಹೆಲ್ಡನ್ನಿನ ಎರಡನೆಯ ಆಲ್ಬಂನಲ್ಲಿ ಫ್ರಿಪ್ ಹೆಸರಿನಲ್ಲೇ ಒಂದು ತುಣುಕಿದೆ.

ಅದೇ ಹೊತ್ತಿಗೆ ಡ್ಯೂನ್ ಹಿಡಿದವರು ಇನ್ನೂ ಇಬ್ಬರಿದ್ದರು, ಅವರನ್ನು ಬಿಟ್ಟು ಹೋದರೆ ಅನ್ಯಾಯ. ಬರ್ನಾರ್ ಶಾಯ್ನರ್ ಕೂಡ ಫ್ರಾನ್ಸಿನವರೇ, ಲೇಸರ್ ಬೆಳಕಿನ ಕಲಾವಿದರು, ಮಾಗ್ಮಾ ತಂಡಕ್ಕೆ ಬೆಳಕು ಮಾಡಿದವರು. ಗಾಳಿಯಲ್ಲಿ ನಿಂತ ಬೆಳಕಿನ ಗೆರೆಗಳನ್ನು ಕೈಯಿಂದ ತಡೆದರೆ ಸ್ವರ ಹೊರಡುವ ಲೇಸರ್ ಹಾರ್ಪ್ ಇವರ ಸೃಷ್ಟಿ. ಅದರಿಂದ ಜಗತ್ತಿನ ಚಪ್ಪಾಳೆ ಸಿಕ್ಕಿದ್ದು ಅದನ್ನು ವೇದಿಕೆಯಲ್ಲಿ ನುಡಿಸಿದ ಝಾನ್ ಮಿಶೆಲ್ ಝಾರ್‌ಗೆ. 1979ರಲ್ಲಿ ಝೆಡ್ ಎಂಬ ಹೆಸರಿನಲ್ಲಿ ಶಾಯ್ನರ್ 'ವಿಷನ್ಸ್ ಆಫ್ ಡ್ಯೂನ್' ತಂದರು. ಕಣ್ಣಿನ ಮನುಷ್ಯನ ಸಂಗೀತ ಅದು, ಕೇಳಿದರೆ ಮರಳಿನ ಮೇಲೆ ಬೆಳಕು ಹರಿದಾಡುವುದು ಕಾಣುತ್ತದೆ. ನನಗೆ ಇಷ್ಟ. ಅದೇ 1979ರಲ್ಲಿ ಜರ್ಮನಿಯ ಕ್ಲೌಸ್ ಶುಲ್ಟ್ಸೆ ಕೂಡ 'ಡ್ಯೂನ್' ಎಂದೇ ಒಂದು ಆಲ್ಬಂ ಮಾಡಿದರು. ಒಂದು ಬದಿಯಲ್ಲಿ ಚೆಲ್ಲೊ, ತುಂಬ ಚೆನ್ನ. ಇನ್ನೊಂದು ಬದಿಯಲ್ಲಿ ಗಾಯಕ ಆರ್ಥರ್ ಬ್ರೌನ್ ಮಾತಾಡುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ಅದರ ಬಗ್ಗೆ ಇಷ್ಟು ಸಾಕು.

ಇಲ್ಲಿಯವರೆಗೆ ನಾನು ಹೇಳಿದ್ದನ್ನು ಗದ್ದಲ ಎಂದು ಯಾರೂ ಕರೆಯಲಾರರು. ವಿಚಿತ್ರ ಸಂಗೀತ ಅಷ್ಟೆ. ಗದ್ದಲದ ವಂಶವೃಕ್ಷ ಬೇರೆಯೇ ಇದೆ, ಮತ್ತು ಅದು ಸಾಕಷ್ಟು ಹಳೆಯದು. 1913ರಲ್ಲಿ ಇಟಲಿಯ ಲುಯಿಜಿ ರುಸ್ಸೊಲೊ, ಕಾರ್ಖಾನೆಗಳ ಯುಗದ ಕಿವಿಗೆ ಪಿಟೀಲು ಕೊಳಲು ಸಾಲದು ಎಂದು ಬರೆದು, ಗುಡುಗುವ, ಕಿರುಗುಟ್ಟುವ, ಗೊರಗುಟ್ಟುವ ಪೆಟ್ಟಿಗೆಗಳನ್ನು ಮಾಡಿಸಿದರು. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿದ್ದ ಪಿಯೆರ್ ಶೆಫೇರ್, ಬಾತಿನ್ಯೋಲ್ ನಿಲ್ದಾಣಕ್ಕೆ ಹೋಗಿ ಉಗಿಬಂಡಿಗಳ ಸದ್ದು ಹಿಡಿದು ತಂದು, ಕತ್ತರಿಸಿ ಜೋಡಿಸಿ, ಅದನ್ನೇ ಒಂದು ಕೃತಿ ಎಂದರು. 1979ರಲ್ಲಿ, ಅಂದರೆ ಶಾಯ್ನರ್ ಮತ್ತು ಶುಲ್ಟ್ಸೆ ಅವರ ಡ್ಯೂನುಗಳು ಅಂಗಡಿಗೆ ಬಂದ ವರ್ಷವೇ, ಟೋಕಿಯೋದಲ್ಲಿ ಮಸಾಮಿ ಅಕಿತಾ ಎಂಬ ಯುವಕ ಮರ್ಜ್‌ಬೌ ಎಂಬ ಹೆಸರಿನಲ್ಲಿ ಟೇಪು, ಗುಜರಿ ಕಬ್ಬಿಣ, ಕೆಟ್ಟ ಯಂತ್ರಗಳನ್ನಿಟ್ಟುಕೊಂಡು ಕೂತ. ಹೆಸರು ಜರ್ಮನ್ ಕಲಾವಿದ ಕುರ್ಟ್ ಶ್ವಿಟರ್ಸ್ ತಮ್ಮ ಮನೆಯೊಳಗೆ ಕಸಕಡ್ಡಿಯಿಂದ ಕಟ್ಟಿದ 'ಮೆರ್ಜ್‌ಬೌ' ಎಂಬ ರಚನೆಯಿಂದ ಬಂದದ್ದು. ಅಕಿತಾ ಅವರ ಸಂಗೀತದಲ್ಲಿ ತಾಳ ಹುಡುಕಿದರೆ ಸಿಗದು, ರಾಗವಂತೂ ಇಲ್ಲವೇ ಇಲ್ಲ. ಜಲಪಾತದ ಕೆಳಗೆ ನಿಂತ ಹಾಗೆ. ಐದು ನಿಮಿಷ ಕಿವಿ ಮುಚ್ಚಿಕೊಳ್ಳುತ್ತೀರಿ. ಹತ್ತನೇ ನಿಮಿಷದಲ್ಲಿ ಆ ಬಿಳಿ ಗೋಡೆಯೊಳಗೆ ಸಣ್ಣಸಣ್ಣ ಚಲನೆಗಳು ಕೇಳಿಸತೊಡಗುತ್ತವೆ.

ಗದ್ದಲ ನಮಗೂ ಹೊಸದೇನಲ್ಲ. ತಂಬೂರಿಯ ತಂತಿಗೂ ಕುದುರೆಗೂ ನಡುವೆ ನಾವು ಒಂದು ಎಳೆ ದಾರ ಸಿಕ್ಕಿಸುತ್ತೇವೆ. ದಾರ ಸರಿಯಾದ ಜಾಗಕ್ಕೆ ಬಂದಾಗ ತಂತಿ ಝೇಂ ಎಂದು ಅರಳುತ್ತದೆ. ಆ ಝೇಂಕಾರ ಭೌತವಿಜ್ಞಾನದ ಲೆಕ್ಕದಲ್ಲಿ ಒಂದು ತಡೆ, ಒಂದು ಉಜ್ಜಾಟ. ತಂತಿ ಮರಕ್ಕೆ ತಾಗಿ ತಾಗಿ ಏಳುವ ಸದ್ದು. ನಾವು ಆ ದಾರಕ್ಕೆ ಜೀವ ಎಂದು ಹೆಸರಿಟ್ಟಿದ್ದೇವೆ. ಹಾಗಾಗಿ ನಾದಕ್ಕೂ ಗದ್ದಲಕ್ಕೂ ನಡುವೆ ಗೋಡೆ ಇದೆ ಎಂದು ವಾದಿಸುವವರಲ್ಲಿ ನಾನು ಮೊದಲು ಕೇಳುವುದು, ನಿಮ್ಮ ಮನೆಯ ತಂಬೂರಿಗೆ ದಾರ ಹಾಕುತ್ತೀರೋ ಇಲ್ಲವೋ ಎಂದು.

ಪಿನಾಸ್ ಕಥೆಗೆ ವಾಪಸ್ಸು ಬರೋಣ. 1982ರಲ್ಲಿ ಸ್ಪಿನೋಜಾನ ಗ್ರಂಥದ ಹೆಸರಿನಲ್ಲಿ ಒಂದು ಆಲ್ಬಂ ಮಾಡಿ ಅವರು ಸಂಗೀತ ನಿಲ್ಲಿಸಿಬಿಟ್ಟರು. ಹತ್ತು ವರ್ಷ ಮೌನ. ತೊಂಬತ್ತರ ದಶಕದಲ್ಲಿ ಮರಳಿ ಬಂದಾಗ ಬೀರುವಿನ ಗಾತ್ರದ ಮೂಗ್‌ಗಿಂತ ಗಿಟಾರಿಗೇ ಹೆಚ್ಚು ಮಾತು. ಗಿಟಾರಿನ ಸದ್ದನ್ನು ಹಿಡಿದು ಸುಮಾರು ಹೊತ್ತು ಬಿಟ್ಟು ವಾಪಸ್ಸು ಕೊಡುವ ಸಾಧನಗಳು ಎದುರಿಗೆ. ನುಡಿಸಿದ್ದು ಮರಳಿ ಬರುತ್ತದೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಸುತ್ತುಗಳು ಒಂದಕ್ಕೊಂದು ಹೊಂದದ ಅಳತೆಯವು. ಪದರದ ಮೇಲೆ ಪದರ ಬಿದ್ದು ಕೊನೆಗೆ ಮೊದಲ ಪೆಟ್ಟು ಯಾವುದೆಂದು ನುಡಿಸಿದವನಿಗೂ ಗೊತ್ತಾಗುವುದಿಲ್ಲ.

ಈ ಪಿನಾಸ್, ಆ ಅಕಿತಾ, ಇಬ್ಬರೂ ಕೂಡಿ 2008ರಲ್ಲಿ ಹೊರತಂದ ಜೋಡಿ ತಟ್ಟೆಯ ಹೆಸರು 'ಕೇಯೋ ಲೈನ್'. ಕೇಯೋ ಎಂಬುದು ಟೋಕಿಯೋದ ಒಂದು ರೈಲು ಮಾರ್ಗ. ಶೆಫೇರ್ ಅರವತ್ತು ವರ್ಷ ಮುಂಚೆ ಹತ್ತಿದ ರೈಲು ಇನ್ನೂ ಇಳಿದಿಲ್ಲ ನೋಡಿ. ಇವರಿಬ್ಬರ 'ರೈಜೋಮ್' ಬಂದದ್ದು 2011ರಲ್ಲಿ. ರೈಜೋಮ್ ಅಂದರೆ ಶುಂಠಿ, ಅರಿಶಿನದಂತೆ ನೆಲದೊಳಗೆ ಅಡ್ಡಡ್ಡ ಹಬ್ಬುವ ಗೆಡ್ಡೆ, ಇಲ್ಲೇ ಬುಡ ಎಂದು ತೋರಿಸಲಾಗದ್ದು. ಅದು ಡೆಲ್ಯೂಜ್ ಮತ್ತು ಅವರ ಸಹಲೇಖಕ ಗ್ವಾಟಾರಿ ತಮ್ಮ ತತ್ತ್ವಕ್ಕೆ ಆರಿಸಿಕೊಂಡ ಮಾತು. ಶಿಷ್ಯ ಅರವತ್ತರ ಗಡಿಯಲ್ಲೂ ಗುರುವಿನ ಪಾಠ ಬಿಟ್ಟಿರಲಿಲ್ಲ.

ಆ ಪಾಠದಲ್ಲಿ ನಮಗೆ ಇಂದು ಬೇಕಾದ ಒಂದು ತುಂಡಿದೆ. 1980ರಲ್ಲಿ ಡೆಲ್ಯೂಜ್ ಮತ್ತು ಗ್ವಾಟಾರಿ ಸೇರಿ ಬರೆದ 'ಸಾವಿರ ಪ್ರಸ್ಥಭೂಮಿಗಳು' ಎಂಬ ಗ್ರಂಥದಲ್ಲಿ ಪಲ್ಲವಿಯ ಮೇಲೆ ಒಂದು ದೀರ್ಘ ಅಧ್ಯಾಯ. ಎಣಿಕೆ ಬೇರೆ, ಲಯ ಬೇರೆ ಎನ್ನುವುದು ಅಲ್ಲಿಯ ಒಂದು ವಾದ. ಸಿಪಾಯಿಗಳ ಕವಾಯತನ್ನು ಅವರು ಎಣಿಕೆಯ ಪಾಲಿಗೆ ಹಾಕುತ್ತಾರೆ. ಎರಡು ಅಸಮ ಸಂಗತಿಗಳ ನಡುವಿನ ಜಾಗದಲ್ಲಿ ಹುಟ್ಟುವುದನ್ನು ಮಾತ್ರ ಲಯ ಎನ್ನುತ್ತಾರೆ. ಇದನ್ನು ಓದಿದಾಗ ಫ್ರೆಂಚರಿಗೆ ಏನನಿಸಿತೋ, ನಮ್ಮ ಮೃದಂಗದ ಮೇಷ್ಟ್ರಿಗೆ ಹೇಳಿದರೆ, "ತಾಳ ಕೈಯಲ್ಲಿರುತ್ತೆ, ಲಯ ಮೈಯಲ್ಲಿರುತ್ತೆ, ಅದಕ್ಕೆ ಇಷ್ಟು ದಪ್ಪ ಪುಸ್ತಕ ಯಾಕಯ್ಯಾ?" ಎಂದರು.

ಆದರೆ ಮೇಷ್ಟ್ರಿಗೂ ನಾನೊಂದು ಪರೀಕ್ಷೆ ಇಟ್ಟೆ. ಮರಳುಗಾಡಿನ ಕಥೆ ಹೇಳಿ, ಮೇಷ್ಟ್ರೇ, ಈ ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಾಳವೇ ಇಲ್ಲದೆ ನಡೆದು ತೋರಿಸಿ ಎಂದೆ. ಎಪ್ಪತ್ತು ದಾಟಿದವರು, ಪಂಚೆ ಎತ್ತಿ ಕಟ್ಟಿ ಹೊರಟರು. ನಾಲ್ಕು ಹೆಜ್ಜೆ ಚೆನ್ನಾಗಿಯೇ ಬಿದ್ದವು. ಐದನೆಯದು, ಆರನೆಯದು... ಏಳಕ್ಕೆ ನಿಂತು ತಾವೇ ನಕ್ಕರು: "ಮಿಶ್ರಚಾಪು ಆಗ್ಹೋಯ್ತಲ್ಲೋ." ಮತ್ತೆ ಹೊರಟರು, ಖಂಡಚಾಪಾಯಿತು. ಇನ್ನೊಮ್ಮೆ ಹೊರಟಾಗ ನನಗೆ ತಿಳಿಯದ ಏನೋ ಆಯಿತು. ಅದು ಸಂಕೀರ್ಣ ನಡೆ ಎಂದು ಅವರೇ ಹೇಳಿದರು. ಪಾಪ, ಹೆಜ್ಜೆ ಎಷ್ಟು ಮುರಿದರೂ ಅವರ ಮೈ ಅದಕ್ಕೊಂದು ಹೆಸರು ಕೊಟ್ಟುಬಿಡುತ್ತಿತ್ತು. ಅರಾಕಿಸ್‌ನಲ್ಲಿ ನಮ್ಮ ಕಡೆಯ ಲಯವಿದ್ವಾಂಸರು ಒಂದು ಫರ್ಲಾಂಗು ಉಳಿಯುವುದಿಲ್ಲ.

ಗದ್ದಲ ಮಾಡುವುದು ಸುಲಭ, ಯಾರು ಬೇಕಾದರೂ ಮಾಡಬಹುದು ಎಂಬ ಮಾತಿಗೆ ನನ್ನ ಬಳಿ ಇರುವ ಉತ್ತರ ಆ ಹಜಾರದಲ್ಲಿ ಸಿಕ್ಕಿತು. ಒಂದು ಪಾತ್ರೆ ಎತ್ತಿ ಬಿಸಾಡಿ, ಮೊದಲ ಸದ್ದು ಗದ್ದಲ. ಎರಡನೆಯ ಬಾರಿ ಬಿಸಾಡಿದರೆ ಮೊದಲನೆಯದರ ನೆನಪು. ಮೂರನೆಯದಕ್ಕೆ ಕಾಯುತ್ತೇವೆ, ಅಂದರೆ ಆಗಲೇ ತಾಳ ಹುಟ್ಟಿದೆ, ಹುಳು ಹೊರಟಿದೆ. ಅರ್ಧ ಗಂಟೆ ಕಾಲ ಅದು ಹುಟ್ಟದಂತೆ ನುಡಿಸುವುದಕ್ಕೆ, ಪ್ರತಿ ಕ್ಷಣವೂ ತನ್ನ ಕೈ ಎಲ್ಲಿ ರೂಢಿಗೆ ಬೀಳುತ್ತಿದೆ ಎಂದು ಎಚ್ಚರ ಬೇಕು. 1976ರ ಪಿನಾಸ್ ಗೂಟ ನೆಟ್ಟು ಹುಳುವನ್ನು ಕರೆದರು. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ, ಅಕಿತಾ ಪಕ್ಕದಲ್ಲಿ, ಅವರು ಮರಳಿನ ಮೇಲೆ ನಡೆಯುವುದನ್ನು ಕಲಿತಿದ್ದರು. ಡ್ಯೂನಿನ ಹೆಸರು 'ರೈಜೋಮ್'ನಲ್ಲಿ ಎಲ್ಲೂ ಇಲ್ಲ. ಆದರೂ ಪಿನಾಸ್ ಮಾಡಿದ ಡ್ಯೂನ್ ಸಂಗೀತದಲ್ಲಿ ನಾನು ಮೊದಲು ಎಣಿಸುವುದು ಅದನ್ನೇ. 2021ರ 'ಡ್ಯೂನ್' ಸಿನಿಮಾಕ್ಕೆ ಹಾನ್ಸ್ ಝಿಮ್ಮರ್ ಕೊಟ್ಟ ಸಂಗೀತಕ್ಕೆ ಆಸ್ಕರ್ ಬಂತು. ಥಿಯೇಟರಿನ ಕುರ್ಚಿ ನಡುಗುವಷ್ಟು ಸದ್ದು ಅದರಲ್ಲಿದೆ, ಆದರೆ ಯಾವ ಸದ್ದು ಯಾವಾಗ ಬರುತ್ತದೆಂದು ನನ್ನ ಎದೆಗೆ ಮುಂಚೆಯೇ ತಿಳಿಯುತ್ತಿತ್ತು.

ಸಮಯವಾಯಿತು ಎಂದು ಸಂಚಾಲಕರು ಗಡಿಯಾರ ತೋರಿಸುತ್ತಿದ್ದಾರೆ. ಹಾಕಿಸಿದ ಎರಡು ಸ್ಪೀಕರಿಗೆ ಕೆಲಸ ಕೊಡದೆ ಹೋದರೆ ಅವರಿಗೆ ಬೇಸರವಾದೀತು. ಈಗ 'ರೈಜೋಮ್'ನಿಂದ ಹತ್ತು ನಿಮಿಷ ಕೇಳಿಸುತ್ತೇನೆ. ಮಕ್ಕಳನ್ನು ಕರೆತಂದವರು ಸ್ಪೀಕರಿನಿಂದ ದೂರ ಕೂರಿಸಿ. ತಡೆಯಲಾಗದಿದ್ದರೆ ಎದ್ದು ಹೋಗಲು ಯಾವ ಸಂಕೋಚವೂ ಬೇಡ, ನಾನು ತಪ್ಪು ತಿಳಿಯುವುದಿಲ್ಲ. ಒಂದೇ ಒಂದು ವಿನಂತಿ: ಬಾಗಿಲವರೆಗೆ ಹೋಗುವಾಗ ಹೆಜ್ಜೆ ಮಾತ್ರ ತಾಳಕ್ಕೆ ಬೀಳದಂತೆ ನೋಡಿಕೊಳ್ಳಿ.

(ಇಲ್ಲಿ ಧ್ವನಿಮುದ್ರಿಕೆ ಕೇಳಿಸಲಾಯಿತು.)